ಮಂಚಮ್ಮ ದಾಟಿದ ಸೇತುವೆ

ಗೆಟ್ಟವಾಡಿಯ ಮಂಚಮ್ಮ ಕೆನಡಾದಿಂದ ಬಂದವಳು ಮನೆಯಲ್ಲಿ ಕಾಲು ಚಾಚಿ ಕೂರದೆಯೇ ಹಾಸನೂರಿಗೆ ಬಸ್ಸು ಹತ್ತಿದಳು. ಕಾಡಂಚಿನ ಸೋಲಿಗರ ಕೇರಿಯಲ್ಲಿ ಕೇತಮ್ಮ ಅವಳ ದಾರಿ ಕಾಯುತ್ತಿದ್ದಳು.

ಕೇತಮ್ಮನ ಮಗಳು ಕುಮಾರಿ, ಮಂಚಮ್ಮನ ಮಗಳು ಅರ್ಚನ ಒಟ್ಟಿಗೆ ನರ್ಸಿಂಗ್ ಓದಿದವರು. ಈಗ ಒಂದೇ ನದಿಯ ಈ ದಡದ ಕೆನಡಾದಲ್ಲಿ ಅರ್ಚನ, ಆ ದಡದ ಅಮೆರಿಕದಲ್ಲಿ ಕುಮಾರಿ. ಕುಮಾರಿಯ ಹೆರಿಗೆಗೆ ಹೋಗಲು ಕೇತಮ್ಮನಿಗೆ ವೀಸಾ ಸಿಗಲಿಲ್ಲ. ಮಗಳ ಜೊತೆ ನೆಲೆಸಿ ಕೆನಡಾದ ಪ್ರಜೆಯೇ ಆಗಿದ್ದ ಮಂಚಮ್ಮ ತಾಯಿಯ ಜಾಗದಲ್ಲಿ ಬಾಣಂತನ ಮಾಡಿ ಬಂದಿದ್ದಳು.

"ದಾರಿಯಿಂದ ಯೋಳಕ್ಕ," ಅಂದಳು ಕೇತಮ್ಮ. "ನೀನು ಮಗಿನ ತಾವ್ಕೆ ಎಂಗೋದ್ಯೋ ನಾನೂ ಅಂಗೇ ಬತ್ತೀನಿ."

ಮಂಚಮ್ಮ ಎಲೆಅಡಿಕೆ ಬಾಯಿಗಿಟ್ಟುಕೊಂಡಳು. "ಅರ್ಚನ ಕಾರಲ್ಲಿ ಕರ್ಕಂಡೋದ್ಲು. ನದಿ ಮ್ಯಾಲೆ ಆ ಸೇತುವೆ ಏನು ಎತ್ತರ ಅಂತೀಯ! ಕೆಳ್ಗೆ ಅಡಗು ಓಯ್ತಾ ಅದೆ, ಮೇಲಿಂದ ನೋಡುದ್ರೆ ನಮ್ಮ ಮಕ್ಳು ಆಡೋ ದೋಣಿಯಂಗೆ. ದಿಂಬಂ ಘಾಟಿನಾಗೆ ಲಾರಿ ಕೆಟ್ಟು ನಿಂತ್ರೆ ಎಂಗೋ, ಅಂಗೆ ವಾಹನದ ಸಾಲು. ನಮ್ಗೆ ಮಾತ್ರ ಬ್ಯಾರೆ ದಾರಿ ಕಣವ್ವ. ಯಾರೂ ಇಲ್ಲ, ಖಾಲಿ."

"ನಿಮ್ಗೆ ಮಾತ್ರ ಯಾಕೆ?"

"ಎರಡೂ ದೇಶದೋರು ಮದ್ಲೇ ಕರೆದು ಕೂರುಸ್ಕಂಡು ಕೇಳಿದ್ರು. ಬೆರಳಚ್ಚು ತಕ್ಕಂಡ್ರು. ನಂಬಿಕಸ್ತರು ಅಂತ ಕಾರ್ಡು ಕೊಟ್ರು."

ಜೇನು ತರುವಾಗ, ಸೌದೆ ತರುವಾಗ, ಅರಣ್ಯ ಇಲಾಖೆಯ ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸದೆ ಕೇತಮ್ಮ ಒಂದು ದಿನವೂ ದಾಟಿದ್ದಿಲ್ಲ. ಎರಡು ದೇಶಗಳು ಕೂತು ಒಬ್ಬ ಹೆಂಗಸನ್ನು ನಂಬುವುದೆಂದರೆ!

"ಆಮ್ಯಾಕೆ?"

"ನೀನು ವೋದ್ಸಲ ಕೊಟ್ಟಿದ್ದ ಗಂಟು ಮಡಿಲಾಗಿತ್ತು. ಬಜೆ ಬೇರು, ಕರಿ ಉಡುದಾರ. ಅರ್ಚನಂಗೂ ಯೋಳಿರ್ನಿಲ್ಲ. ಗೇಟು ಅತ್ರ ಬರ್ತಾ ಯೋಚ್ನೆ ಆಯ್ತು. ನಂಬಿ ದಾರಿ ಬುಟ್ಟೋರಿಗೆ ಬಚ್ಚಿಡಾದು ಎಂಗೆ? ಕಿಟಕಿ ಇಳಿಸ್ದೇಟ್ಗೆ ಗಂಟ ಬಿಚ್ಚಿ ತೋರುಸ್ಬುಟ್ಟೆ. ಅರ್ಚನ ಬೆವತೋದ್ಲು."

"ಅಯ್ಯೋ! ಕಾರ್ಡು ಕಿತ್ಕಂಡ್ರಾ?"

"ಆ ಆಫೀಸರು ಹೆಂಗ್ಸು. ಬೇರ ಮೂಸಿ ನೋಡುದ್ಲು, ಇದು ಬರಂಗಿಲ್ಲ ಅಂತ ಇಟ್ಕಂಡ್ಲು. ಉಡುದಾರವ ಬೆರಳಿಗೆ ಸುತ್ತಿ, ಯಾರಿಗೆ ಅಂದ್ಲು. 'ಬೇಬಿ' ಅಂದೆ. ಎರಡು ಕೈಲೂ ವಾಪಸ್ ಕೊಟ್ಲು ಕಣ್ ಕೇತಮ್ಮ. ಕಾರಲ್ಲಿ ಇನ್ನೇನೂ ಉಡುಕನಿಲ್ಲ. ಓಗಿ ಅಂದ್ಲು."

ಕೇತಮ್ಮನ ಮೈಯೆಲ್ಲ ಜುಮ್ಮೆಂದಿತು. ತಾನು ಈ ಹಿತ್ತಿಲಲ್ಲಿ ಕೂತು ಹೊಸೆದ ದಾರ, ಮೋಡದೆತ್ತರದಲ್ಲಿ ಗುರುತಿಲ್ಲದ ಹೆಂಗಸೊಬ್ಬಳ ಕೈಸೇರಿ, ಅವಳ ಕೈಯಿಂದಲೇ ದೇಶ ದಾಟಿ ಹೋಗಿತ್ತು. ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲಿಲ್ಲ.

"ಕುಮಾರಿ ಏನಂದ್ಲು?"

"ನನ್ನ ಕಂಡು, ಅವ್ವಾ ಅಂತ ಚಿಕ್ಕ ಮಗಿನಂಗೆ ಅತ್ಬುಟ್ಲು. ಮಗೀಗೆ ನೀರು ಉಯ್ದು ಸೊಂಟಕ್ಕೆ ದಾರ ಕಟ್ಟುದೆ. ಕೇತನಂಗೆ ಅಗಲ ಅಣೆ ಕಣ, ನಿನ್ನ ಗಂಡನ್ದೇ."

ಕೇತಮ್ಮ ಎದ್ದು ನಿಂತಳು. ಕೂರಲೂ ಆಗದೆ, ನಿಲ್ಲಲೂ ಆಗದೆ ಅಂಗಳದ ಅಂಚಿಗೆ ಹೋಗಿ ಪಕ್ಕದ ಮನೆಗೆ ಕೂಗಿದಳು:

"ಮಾದೀ, ಕೆಲ್ಸ ಬುಟ್ಟು ಬಾ ಇಲ್ಲಿ! ಇವಳು ಎಂಥ ದಾರಿ ಓಗ್ಬಂದವ್ಳೆ ಕೇಳು!"