ಕೆರೆದು ಹಾಕಿದ ಹೆಸರು

ಸೀಟಿನ ಕೆಳಗಿನ ಪೆಟ್ಟಿಗೆಯೊಳಗೆ ಭುಜದವರೆಗೂ ತೋಳು ತೂರಿಸಿ, ಮೂಲೆಗೆ ಸಿಕ್ಕಿಕೊಂಡಿದ್ದ ಕೊನೆಯ ಲೈಫ್ ಜಾಕೆಟ್ಟನ್ನು ನೈರಿ ಜಗ್ಗುತ್ತಿದ್ದಳು. ಅದು ಬರಲೊಲ್ಲದು. ಪಕ್ಕದ ಸೀಟಿಗೆ ಕಾಲು ಒತ್ತಿ ಎಳೆದಾಗ ಧೂಳಿನ ಸಮೇತ ಕೈಗೆ ಬಂತು. ಮಕ್ಕಳ ಜಾಕೆಟ್ಟು. ಕಿತ್ತಳೆ ಬಣ್ಣ ಬಿಸಿಲಿಗೆ ಬೆಳ್ಳಗಾಗಿತ್ತು. ಕೊರಳ ಪಟ್ಟಿಗೆ ಒಂದು ಪೀಪಿ ನೇತಾಡುತ್ತಿತ್ತು. ಬೆನ್ನ ಮೇಲೆ ಮಾಸಿದ ಅಕ್ಷರಗಳಲ್ಲಿ ಒಂದು ಹೆಸರು: ಥಾಲಿಯಾ.

ಹಾಗಂದರೆ ಯಾವ ಹಡಗು?

ಕಂಪನಿ ಹೊಸದಾಗಿ ಕೊಂಡಿದ್ದ ಈ ಹಡಗಿನ ಚರಿತ್ರೆ ಪಿಕ್ಟನ್ ಬಂದರಿನ ಊರಿಗೆಲ್ಲ ಬಾಯಿಪಾಠವಾಗಿತ್ತು. ಕಂಪನಿಯ ಮ್ಯಾನೇಜರ್ ಬ್ರೆಂಟ್ ಊರವರನ್ನೆಲ್ಲ ಸಭಾಭವನಕ್ಕೆ ಕರೆಸಿ, ಚಹಾ ಕುಡಿಸಿ, ಮದುಮಗಳ ವಂಶಾವಳಿ ಹೇಳುವವನ ಹಾಗೆ ಹೇಳಿದ್ದ. ಹೋಬಾರ್ಟಿನಲ್ಲಿ ಹುಟ್ಟಿದ್ದು. ಎರಡು ಸಪೂರ ಒಡಲು, ಅವುಗಳ ಮೇಲೆ ಸೇತುವೆಯಂತೆ ಕೂತ ಕಾರುಗಳ ಅಂಗಳ, ಗಾಳಿಗೆ ಸಮನಾದ ಓಟ. ‘ಸದರ್ನ್ ಡಾರ್ಟ್’ ಅನ್ನೋ ಹೆಸರಲ್ಲಿ ಜನರನ್ನು ಬಾಸ್ ಜಲಸಂಧಿ ದಾಟಿಸುತ್ತಿತ್ತು. ಹತ್ತಿದವರೆಲ್ಲ ವಾಂತಿ ಮಾಡಿಕೊಂಡಿದ್ದರು. ಅದನ್ನೂ ಬ್ರೆಂಟ್ ಮುಚ್ಚಿಡಲಿಲ್ಲ, ಜನ ನಕ್ಕು ಅವನನ್ನು ನಂಬಿದರು. ಆಮೇಲೆ ಡೆನ್ಮಾರ್ಕಿನವರು ಕೊಂಡು ‘ಫ್ರೇಯಾ’ ಅಂದರು. ಅವರ ಕೈಯಿಂದ ಸ್ಪೇನಿನವರಿಗೆ ಹೋಗಿ, ಬಿಸಿಲಿನ ದ್ವೀಪಗಳ ನಡುವೆ ‘ಎಸ್ಟ್ರೆಯಾ’ ಆಯಿತು. ಈಗ ನಮ್ಮದು, ‘ಕೊಟುಕು’, ಬಿಳಿ ಬಕ. ಡೆನ್ಮಾರ್ಕಿಗೂ ಸ್ಪೇನಿಗೂ ನಡುವೆ ಸ್ವಲ್ಪ ಕಾಲ ಹಡಗು ವಿಶ್ರಾಂತಿಯಲ್ಲಿತ್ತು ಅಂದಿದ್ದ.

ಆ ವಿಶ್ರಾಂತಿ ಅನ್ನೋ ಮಾತು ಅವತ್ತೇ ನೈರಿಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು. ಇಂಥ ಹಡಗನ್ನು ಓಡಿಸದೆ ಕಟ್ಟಿಹಾಕಿದರೆ ಅದರ ಖರ್ಚು ಯಜಮಾನನನ್ನೇ ತಿನ್ನುತ್ತದೆ. ಯಾರೂ ಸುಮ್ಮನೆ ಮಲಗಿಸುವುದಿಲ್ಲ. ಆದರೂ ಅವಳು ಕೇಳಿರಲಿಲ್ಲ. ಬೇರೆ ಕ್ಯಾಪ್ಟನ್ನರ ಕೈಕೆಳಗೆ ಚೀಫ್ ಮೇಟ್ ಆಗಿಯೇ ಅವಳ ಕೂದಲು ನರೆಯುತ್ತಿತ್ತು. ಶನಿವಾರದ ಮೊದಲ ಪಯಣಕ್ಕೆ ಕ್ಯಾಪ್ಟನ್ ಯಾರೆಂದು ಬ್ರೆಂಟ್ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅಮ್ಮ ಮಾತ್ರ ಆಗಲೇ ಮುಂದಿನ ಸಾಲಿನಲ್ಲಿ ಸೀಟು ಹಿಡಿಸಿದ್ದಳು. ಶಾಲೆಯ ಮಕ್ಕಳೆಲ್ಲ ಅದೇ ಪಯಣದಲ್ಲಿ ಇಲ್ಲಿನ ಜಲಸಂಧಿಯ ಆಚೆ ದಡದ ವೆಲಿಂಗ್ಟನ್ನಿಗೆ ಹೊರಟಿದ್ದರು.

ಜಾಕೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಅವಳು ಹಿಂದಿನ ಡೆಕ್ಕಿಗೆ ಹೋದಳು. ಅಲ್ಲಿ ಡೆಕ್ಕಿನ ಮೇಸ್ತ್ರಿ ವಿರೆಮು ಕಾಲು ಚಾಚಿ ಕೂತು, ನೀರಿಗೆ ಬಿದ್ದವರಿಗೆ ಎಸೆಯುವ ಒಂದು ತೇಲುಬಳೆಯನ್ನು ಮಡಿಲಲ್ಲಿಟ್ಟುಕೊಂಡು ಉಳಿಯಿಂದ ಕೆರೆಯುತ್ತಿದ್ದ. ನೈರಿಯ ಅಪ್ಪನ ಜೊತೆ ದೋಣಿ ನಡೆಸಿದವನು, ಅವಳಿಗೆ ಬುದ್ಧಿ ಬಂದಾಗಿನಿಂದ ಮಾಮ. ಹೊಸ ಹೆಸರಿಡುವ ಮುಂಚೆ ಹಳೆಯ ಹೆಸರಿನ ಒಂದಕ್ಷರವೂ ಉಳಿಯಬಾರದು ಅನ್ನುವುದು ಅವನ ಕಟ್ಟಳೆ. ಚಮಚದ ಹಿಡಿಯಲ್ಲಿ ಕಂಡರೂ ಬಿಡುತ್ತಿರಲಿಲ್ಲ.

ಜಾಕೆಟ್ಟು ಕಂಡದ್ದೇ ಅವನ ಉಳಿ ನಿಂತಿತು.

“ಅದೊಂದು ಉಳಿದಿತ್ತಾ? ಕೊಡು ಇಲ್ಲಿ.”

“ಅದೊಂದು ಅಂದ್ರೆ? ಬೇರೆ ಎಷ್ಟಿದ್ವು ಮಾಮ?”

ಮುದುಕ ಉಳಿಯ ಬಾಯನ್ನು ಹೆಬ್ಬೆರಳಿನಿಂದ ಒರೆಸಿದ. ಅಡುಗೆಮನೆಯ ಗಂಟೆಯ ಮೇಲಿತ್ತಂತೆ, ಎರಡು ತೇಲುಬಳೆಗಳ ಮೇಲಿತ್ತಂತೆ, ಬಣ್ಣದ ಅಡಿಯಲ್ಲಿ ಹಿಂಬದಿಯ ಗೋಡೆಯ ಮೇಲೂ ಇತ್ತಂತೆ. ಎಲ್ಲ ಕೆರೆದಾಗಿತ್ತು. ಬ್ರೆಂಟ್ ಒಂದು ಬಾಟಲಿ ರಮ್ ತಂದುಕೊಟ್ಟು, ನಿಮ್ಮ ಶಾಸ್ತ್ರ ಚೆನ್ನಾಗಿ ಮಾಡಿ ಮಾಮ, ಒಂದೂ ಬಿಡಬೇಡಿ ಅಂದಿದ್ದನಂತೆ. ಈ ಕಾಲದ ಮ್ಯಾನೇಜರನಿಗೂ ಇಷ್ಟು ಭಯಭಕ್ತಿ ಇದೆಯಲ್ಲ ಅಂತ ಮುದುಕನಿಗೆ ಖುಷಿಯಾಗಿತ್ತು.

ಹಳೆಯ ಹೆಸರು ಕೆರೆಯುವುದು ಜಲಸಂಧಿಯ ಯಾವ ನಾವಿಕನೂ ತಡೆಯದ ಕೆಲಸ. ಪಾಪ, ಮುದುಕ ಶಾಸ್ತ್ರದ ಹೆಸರಲ್ಲಿ ಸಾಕ್ಷಿಯನ್ನೆಲ್ಲ ಸಮುದ್ರಕ್ಕೆ ಉದುರಿಸಿದ್ದ. ಪಾಪವೋ? ಅವಳು ಅವನ ಮುಖವನ್ನು ದಿಟ್ಟಿಸಿದಳು. ಈಚೆಗೆ ತನ್ನ ಮನೆಯ ಮಾಡಿಗೆ ಹೊಸ ತಗಡು ಹಾಕಿಸಿದ್ದ ಈ ಮುದುಕ, ದುಡ್ಡು ಎಲ್ಲಿಂದ ಬಂತು? ಇಂಥ ಯೋಚನೆ ತನಗೆ ಬಂತಲ್ಲ ಅಂತ ಹೇಸಿಗೆಯಾಯಿತು. ಆದರೂ ಆ ಅನುಮಾನ ಹೋಗಲಿಲ್ಲ.

“ಬ್ರೆಂಟ್ ಹೇಳಿದ ಹೆಸರುಗಳಲ್ಲಿ ಇದಿರಲಿಲ್ಲ. ನಿನಗೆ ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು. ಕೆಲಸ ಇಲ್ಲದೆ ಎರಡು ಚಳಿಗಾಲ ಕೂತವನು ನಾನು, ಮಗಳೇ. ಗೊತ್ತಾದದ್ದನ್ನೆಲ್ಲ ಬಾಯಿಬಿಟ್ಟು ಹೇಳೋಕಾಗಲ್ಲ.” ಆಮೇಲೆ ಕೈ ಚಾಚಿದ. “ಎರಡು ಹೆಸರು ಹೊತ್ತು ನೀರಿಗಿಳಿದವರನ್ನ ಸಮುದ್ರ ಎರಡು ಸಲ ಕರೆಯುತ್ತೆ. ಕೊಡು ಅದನ್ನ.”

ಅವಳು ಕೊಡಲಿಲ್ಲ.

ಹೆಸರು ಬಚ್ಚಿಟ್ಟವರು ಪೆಟ್ಟನ್ನೂ ಬಚ್ಚಿಟ್ಟಿರಬೇಕು ಅಂದುಕೊಂಡು ಹಡಗಿನ ಮುಂತುದಿಗೆ, ಮೂತಿಯ ಕಡೆ ಹೋದಳು. ಎಡ ಒಡಲಿನ ಮುಂದಿನ ಖಾಲಿ ಕೋಣೆಯ ಮುಚ್ಚಳ ತೆಗೆದು, ಏಣಿ ಇಳಿದು, ಟಾರ್ಚ್ ಹಾಕಿದಳು. ಅಲ್ಯೂಮಿನಿಯಂ ಪಕ್ಕೆಲುಬುಗಳ ಮೇಲೆಲ್ಲ ಹೋಬಾರ್ಟಿನವರ ಅಚ್ಚು ಒತ್ತಿತ್ತು. ಹತ್ತಿ ಬಂದು ಬಲ ಒಡಲಿಗೆ ಇಳಿದಳು. ಅರ್ಧ ದಾರಿಯವರೆಗೆ ಅದೇ ಅಚ್ಚು. ಅಲ್ಲಿಂದ ಮುಂದೆ ಬೋಳು. ಬೆಸುಗೆಯ ಕೈಯೇ ಬೇರೆ, ದಪ್ಪಗೆ, ಅವಸರದ್ದು. ಹಳತು ಹೊಸತು ಕೂಡುವಲ್ಲಿ ಕೂದಲೆಳೆಯಂಥ ಒಂದು ಬಿರುಕು, ಅದರ ತುದಿಗೆ ಒಂದು ಪುಟ್ಟ ತೂತು. ಬಿರುಕು ಮುಂದೆ ಹರಿಯದಿರಲಿ ಅಂತ ಕೊರೆಯುವ ತೂತು. ಆದರೆ ಬಿರುಕು ತೂತನ್ನು ದಾಟಿ, ಆಚೆ ಬದಿಯಲ್ಲಿ ಬೆರಳುದ್ದ ನಡೆದಿತ್ತು.

ಟಾರ್ಚ್ ಆರಿಸಿ ಏಣಿಯ ಕಡೆ ತಿರುಗಿದಳು. ಹೊರಗೆ ನೀರು ತಗಡನ್ನು ನೆಕ್ಕುವ ಸದ್ದು. ಮೂತಿಯನ್ನೇ ಬದಲಿಸಬೇಕಾಗಿ ಬಂದ ಪೆಟ್ಟು ಮರಳ ದಿಬ್ಬದ್ದಲ್ಲ. ಬಂಡೆಯದ್ದು, ಇಲ್ಲವೇ ಇನ್ನೊಂದು ಹಡಗಿನದ್ದು. ಬ್ರೆಂಟ್ ವಿಶ್ರಾಂತಿ ಅಂದಿದ್ದು ಥಾಲಿಯಾ ಅನ್ನೋ ಹೆಸರಿನ ಈ ಕಾಲವನ್ನೇ ಇರಬೇಕು.

ಬ್ರೆಂಟ್ ಮೇಲೆ ಚಾಲಕರ ಕೋಣೆಯಲ್ಲಿದ್ದ. ಬಿಸಿ ಪೈ ತಿನ್ನುತ್ತಿದ್ದವನು ಅವಳನ್ನು ಕಂಡು ಕಾಗದದಲ್ಲಿ ಕೈ ಒರೆಸಿಕೊಂಡ. ನೈರಿ ಜಾಕೆಟ್ಟನ್ನು ಮೇಜಿನ ಮೇಲಿಟ್ಟಳು.

ಅವನು ಹೆಸರು ಓದಿ ನಕ್ಕ. ಜಾಕೆಟ್ಟುಗಳನ್ನು ಸ್ಪೇನಿನವರು ಯಾವುದೋ ಹಡಗಿನಿಂದ ಸಗಟಾಗಿ ಕೊಂಡಿರಬೇಕು ಅಂದ. ಒಪ್ಪುವಂಥ ಮಾತೇ. ಅಲ್ಲಿಗೆ ನಿಲ್ಲಿಸಿದ್ದರೆ ಅವಳಿಗೆ ಕೆಲಸ ಕಷ್ಟವಾಗುತ್ತಿತ್ತು. ಆದರೆ ಅವಳು ಸುಮ್ಮನೆ ನೋಡುತ್ತಲೇ ನಿಂತಿದ್ದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

“ನೋಡು ನೈರಿ, ಆ ಮೂತಿ ರಿಪೇರಿ ಸರಿಯಾಗೇ ಆಗಿದೆ. ಪರೀಕ್ಷೆ ಮಾಡೋರು ಬಂದು ನೋಡಿ ಹೋಗಿದ್ದಾರೆ.”

“ಮೂತಿ ವಿಷಯ ನಾನು ಎತ್ತಲೇ ಇಲ್ವಲ್ಲ.”

ಬ್ರೆಂಟ್ ಪೈ ಕಡೆ ನೋಡಿದ. ಕಿಟಕಿಯಾಚೆ ಕಡಲಕಾಗೆಗಳ ಕಡೆ ನೋಡಿದ.

“ಜನ ಇದ್ರಾ ಆವಾಗ ಅದರಲ್ಲಿ?” ಅವಳು ಕೇಳಿದಳು.

“ಅದೆಲ್ಲ ಅಲ್ಲಿಯವರು ಅಲ್ಲೇ ಮುಗಿಸ್ಕೊಂಡಿದ್ದಾರೆ.”

ಆ ವಾಕ್ಯ ಪೈ ವಾಸನೆಯ ಜೊತೆ ಕೋಣೆಯಲ್ಲಿ ನಿಂತಿತು. ರಿಪೇರಿ ನಾಚಿಕೆಯ ವಿಷಯವಲ್ಲ ಅಂತ ಅವಳು ಹೇಳಿದಳು. ಆದರೆ ರಿಪೇರಿ ಮತ್ತೆ ಬಿರಿಯುತ್ತಿದೆ, ತೂತು ದಾಟಿ ಹೋಗಿದೆ, ಹಡಗನ್ನು ನೀರಿನಿಂದೆತ್ತಿ ನೋಡಬೇಕು. ಎತ್ತುವುದಕ್ಕೆ ಬೇಸಿಗೆ ಮುಗಿಯಲಿ ಅಂದ ಬ್ರೆಂಟ್. ಈಗ ನಿಲ್ಲಿಸಿದರೆ ಕಂಪನಿ ಮುಳುಗುತ್ತೆ, ಊರಿನ ಅರ್ಧ ಜನ ಮನೆಯಲ್ಲಿ ಕೂರ್ತಾರೆ, ನಿನ್ನ ವಿರೆಮು ಮಾಮನೇ ಮೊದಲು. ಅಲೆ ಎದ್ದ ದಿನ ನಿಧಾನ ಓಡಿಸಿದರಾಯ್ತು. ಅದಕ್ಕೇ ಅನುಭವ ಇರೋರು ಬೇಕು.

ಹಾಗನ್ನುತ್ತ ಡ್ರಾಯರಿನಿಂದ ಒಂದು ಚಪ್ಪಟೆ ಪೆಟ್ಟಿಗೆ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಕಪ್ಪು ಬಟ್ಟೆಯ ಮೇಲೆ ಭುಜಪಟ್ಟಿಗಳ ಜೋಡಿ, ಒಂದೊಂದರ ಮೇಲೂ ಕ್ಯಾಪ್ಟನ್ನಿನ ನಾಲ್ಕು ಬಂಗಾರದ ಗೆರೆ. ಅವಳ ಅಪ್ಪ ಬದುಕಿರೋವರೆಗೂ ಬೇರೆಯವರ ಭುಜದ ಮೇಲೆ ಮಾತ್ರ ನೋಡಿದ್ದವು.

“ಶನಿವಾರಕ್ಕೆ ನೀನೇ ಕ್ಯಾಪ್ಟನ್. ಇವತ್ತು ಸಂಜೆ ಹೇಳೋಣ ಅಂತಿದ್ದೆ. ನಿಮ್ಮಮ್ಮ ಮುಂದಿನ ಸಾಲಲ್ಲಿ ಕೂತಿರ್ತಾರೆ, ಯೋಚನೆ ಮಾಡು.”

ಅವಳು ಯೋಚನೆ ಮಾಡಿದಳು. ಮುಂದಿನ ಸಾಲು ಅಂದರೆ ಮೂತಿಗೆ ಎಲ್ಲಕ್ಕಿಂತ ಹತ್ತಿರ.

ಬ್ರೆಂಟ್ ಒಂದು ಕೈಯಲ್ಲಿ ಪೆಟ್ಟಿಗೆಯನ್ನು ಅವಳ ಕಡೆ ಸರಿಸಿದ, ಇನ್ನೊಂದು ಕೈಯಲ್ಲಿ ಜಾಕೆಟ್ಟನ್ನು ತನ್ನ ಕಡೆಗೆ ಎಳೆಯತೊಡಗಿದ. ನೈರಿ ಜಾಕೆಟ್ಟಿನ ಕೊರಳ ಪಟ್ಟಿ ಹಿಡಿದುಕೊಂಡಳು.

“ಬೇಡ,” ಅಂದಳು. “ಈ ಹಡಗನ್ನ ನಾನು ನಡೆಸಲ್ಲ.”