ಅನೇಕಾಂತನ ಕೀಲಿಕೈ

“ಒತ್ತಬ್ಯಾಡ್ರಿ ಅಕ್ಕಾರ,” ಎಂದು ಹಾಲು ಸಂಘದ ಅಧ್ಯಕ್ಷೆ ಪ್ರಮಿಳಾಳ ಕೈಯನ್ನು ಸ್ನೇಹಲ ಹಿಡಿದಳು.

ಖಾನಾಪುರದ ಆ ಪುಟ್ಟ ಕಚೇರಿಯಲ್ಲಿ ಉದ್ಘಾಟನೆಗೆಂದು ಕಂಪ್ಯೂಟರಿಗೆ ಹಾರ ಬಿದ್ದಿತ್ತು. ಸದಸ್ಯೆಯರು ಕುಂದಾ ಸಿಹಿಯ ಡಬ್ಬಿ ಹಿಡಿದು ಕಾದಿದ್ದರು. ಸಂಘದ ಕೆಲಸವೆಲ್ಲ ಇನ್ನು ಕ್ಲೌಡ್‌ನಲ್ಲಿ, ಎಲ್ಲೋ ದೂರದ ಬಾಡಿಗೆ ಯಂತ್ರದಲ್ಲಿ. ಅಲ್ಲಿ ಯಂತ್ರ ಎಬ್ಬಿಸುವ ಇಮೇಜನ್ನು ಸ್ನೇಹಲಳ ಗಂಡ ಅನೇಕಾಂತ ಮಾಡಿಟ್ಟಿದ್ದ. ಅಚ್ಚಿನ ಹಾಗೆ, ಒಂದರಿಂದ ಎಷ್ಟು ಯಂತ್ರಗಳಾದರೂ ಬರುತ್ತವೆ. ಅವನು ಸತ್ತ ಮೇಲೂ ಬರುತ್ತಿದ್ದವು.

ಈಗಷ್ಟೇ ಅದರೊಳಗೆ ಅವಳಿಗೆ ಅವನ ಹೆಸರು ಕಂಡಿತ್ತು. ಗಿರಾಕಿಗಳು ಕರೆದಾಗ ಮನೆಯಿಂದಲೇ ಒಳಹೊಕ್ಕು ರಿಪೇರಿ ಮಾಡಲು, ತನ್ನ ಲ್ಯಾಪ್‌ಟಾಪ್‌ನ ಡಿಜಿಟಲ್ ಕೀಲಿಕೈಗೆ ತೆರೆಯುವ ಬಾಗಿಲೊಂದನ್ನು ಅವನು ಅಚ್ಚಿನಲ್ಲೇ ಇಟ್ಟಿದ್ದ.

ಅವಳೂ ದುಡಿಯುವ ರಾಮತೀರ್ಥ ನಗರದ ಕಂಪ್ಯೂಟರ್ ಕಚೇರಿಯಿಂದ ಭಾವ ಪಾರೀಸ ವಿಷಯ ಕೇಳಿ ಫೋನಿನಲ್ಲಿ ನಕ್ಕ. “ಇರ್ಲಿ ಬಿಡು. ಹೋದಾಂವ ಬಂದು ಬಾಗಲಾ ತಗೀತಾನೇನು?”

“ಆಂವ ಬರಂಗಿಲ್ರಿ. ಲ್ಯಾಪ್‌ಟಾಪ್ ಎಲ್ಲೈತಿ?”

ಅನೇಕಾಂತ ಸತ್ತ ತಿಂಗಳಿಗೆ ಅತ್ತೆ ಮಗನ ವಸ್ತುಗಳನ್ನೆಲ್ಲ ಹಂಚಿದ್ದರು: ಅಂಗಿ, ಗಡಿಯಾರ, ಕೀಲಿಕೈಯಿದ್ದ ಆ ಲ್ಯಾಪ್‌ಟಾಪ್. ಸ್ನೇಹಲಳನ್ನು ಯಾರೂ ಕೇಳಿರಲಿಲ್ಲ.

“ಹಲಸಿ ಊರಿನ ಸಂಬಂಧಿಕರಿಗೆ ಕೊಟ್ಟಿದ್ವಿ,” ಎಂದ ಪಾರೀಸ. “ ಅವರು ಆಟೋ ನಗರದಾಗ ಯಾರಿಗೋ ಮಾರಿದ್ರಂತ.”

“ಅಂದ್ರ ಕೀಲಿಕೈನೂ ಮಾರಿದ್ರಿ. ಈ ಮಿಷಿನ್ ಎದ್ದ ಕೂಡ್ಲೆ ಇಂಟರ್ನೆಟ್‌ನ್ಯಾಗ ಜಗತ್ತಿನ ಮುಂದ ನಿಂತಿರತೈತ್ರಿ.”

“ನಮ್ಮ ಮನಿ ಕೀಲಿಕೈ ಎಲ್ಲಿಡತೀವಿ ಅಂತ ಓಣಿಗೆಲ್ಲಾ ಗೊತ್ತೈತಿ,” ಎಂದಳು ಪ್ರಮಿಳಾ. “ಒಳಗ ಏನಿಲ್ಲಲ್ಲ, ಅದಕ್ಕ! ಇದರಾಗ ಏನೈತ್ರಿ ಬಾಯಾರ?”

“ನಿಮ್ಮೆಲ್ಲಾರ ಆಧಾರ, ಬ್ಯಾಂಕ್ ಖಾತೆ.”

ಪ್ರಮಿಳಾ ಮೌಸಿನಿಂದ ಕೈ ತೆಗೆದಳು.

“ಸ್ನೇಹಲ, ಅವನ ಗುರುತು ಅಂತ ಅದೊಂದ ಉಳದೈತಿ,” ಪಾರೀಸನ ದನಿ ಇಳಿದಿತ್ತು.

“ಮನ್ಯಾಗಿನ ಗುರುತೆಲ್ಲಾ ಹಂಚಿದ್ರಿ. ಮಂದಿ ಮಿಷಿನ್‌ನ್ಯಾಗ ಯಾಕ ಇಡ್ತೀರಿ?”

“ನನ್ನ ಮಾತು ಕೇಳಂಗಿಲ್ಲಾಂದ್ರ ನಾಳಿಂದ ಆಫೀಸಿಗೆ ಬರಬ್ಯಾಡ.”

“ಬರ್ತೀನ್ರಿ. ಉಳಿದ ಗಿರಾಕಿಗೋಳ ಮಿಷಿನ್ನೂ ಹಿಂಗ ಅದಾವ.”

ಅವಳೇ ಫೋನ್ ಇಟ್ಟಳು. ಅನೇಕಾಂತನ ಹೆಸರಿದ್ದ ಸಾಲನ್ನು ಅಳಿಸಿದಳು. ಬೇರೆ ಕೀಲಿಕೈ ಮಾಡಿ, ಈ ಕಚೇರಿಗಷ್ಟೇ ದಾರಿ ಬಿಟ್ಟು, ಉಳಿದುದೆಲ್ಲ ಮುಚ್ಚಿದಳು.

“ಈಗ ಒತ್ರಿ, ಅಕ್ಕಾರ.”

ಯಂತ್ರ ಎದ್ದಿತು. ಹೆಂಗಸರು ಚಪ್ಪಾಳೆ ತಟ್ಟಿ ಡಬ್ಬಿ ಬಿಚ್ಚಿದರು.

ಅವನ ಕೀಲಿಕೈಯ ನಕಲೊಂದು ಸ್ನೇಹಲಳ ಪೆನ್‌ಡ್ರೈವಿನಲ್ಲಿತ್ತು. ಬಾಗಿಲು ನಿಜಕ್ಕೂ ಮುಚ್ಚಿದೆಯೇ ಎಂದು ಅದರಿಂದ ಒಮ್ಮೆ ತಟ್ಟಿದಳು. ಪ್ರವೇಶವಿಲ್ಲ ಎಂದು ಪರದೆ ಹೇಳಿತು. ಪರೀಕ್ಷೆಗೆ ಅಷ್ಟು ಸಾಕಿತ್ತು.

ಅವಳು ಇನ್ನೊಮ್ಮೆ ತಟ್ಟಿದಳು.