ನಾಲ್ಕು ಸ್ಕ್ರೂ, ಹದಿನಾಲ್ಕು ಮೆಟ್ಟಿಲು

ಮಹಡಿಯ ಮೇಲೆ ಒಂದು ಯಂತ್ರ, ಕೆಳಗೆ ವಾಂಜಿ, ನಡುವೆ ಹದಿನಾಲ್ಕು ಮೆಟ್ಟಿಲು. ಎರಡು ತಿಂಗಳಿನಿಂದ ಇಡೀ ಪುರಸಭೆ ಬಿಡಿಸಲಾರದೆ ಒದ್ದಾಡುತ್ತಿದ್ದ ಸಮಸ್ಯೆ ಇಷ್ಟೇ.

ಅದಕ್ಕೂ ಮೊದಲು ಆರು ವರ್ಷ ಹಾಜರಿ ಪುಸ್ತಕ ಕೆಳಗೆ ಕಾವಲುಗಾರನ ಮೇಜಿನ ಮೇಲಿರುತ್ತಿತ್ತು. ವಾಂಜಿ ಏಳೂವರೆಗೆಲ್ಲ ಬಂದು, ಸಹಿ ಹಾಕಿ, ಗಾಲಿಕುರ್ಚಿ ತಳ್ಳಿಕೊಂಡು ಜನನ ಮರಣ ನೋಂದಣಿಯ ಕಿಟಕಿಗೆ ಹೋಗುತ್ತಿದ್ದಳು. ಊರಲ್ಲಿ ಯಾರು ಹುಟ್ಟಿದರೂ, ಯಾರು ಸತ್ತರೂ ಅದು ವಾಂಜಿಯ, ಅಂದರೆ ಎವಾಂಜೆಲಿನ್ ಮನಲಾಸ್ತಾಸಳ, ದುಂಡು ಕೈಬರಹದಲ್ಲಿ ದಾಖಲಾಗಬೇಕು. ಆಮೇಲೆ ಹೆಬ್ಬೆರಳು ಒತ್ತುವ ಯಂತ್ರ ಬಂತು. ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಪುರಿಂಗ್ ಮೇಡಂ, ಅದು ತಮ್ಮ ಕಣ್ಣೆದುರೇ ಇರಲಿ ಎಂದು, ಮಹಡಿಯಲ್ಲಿ ತಮ್ಮ ಬಾಗಿಲ ಪಕ್ಕ ಹಾಕಿಸಿಕೊಂಡರು. ಪುಸ್ತಕ ರದ್ದಿಗೆ ಹೋಯಿತು.

ಯಂತ್ರವನ್ನು ಕೆಳಗಿಳಿಸಿ ಎಂದು ವಾಂಜಿ ಪತ್ರ ಬರೆದಳು. ಒಂದಲ್ಲ, ಮೂರು. ಮೂರೂ ವಾಪಸು ಬಂದವು. ಮೂರರ ಮೇಲೂ ‘ಗಮನಿಸಲಾಗಿದೆ’ ಎಂಬ ನೇರಳೆ ಮೊಹರು. ಕೊನೆಗೆ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಜೆರಿಕ್‌ನನ್ನು ಹಿಡಿದು ಕೇಳಿದಳು.

“ನಾಲ್ಕು ಸ್ಕ್ರೂ, ಒಂದು ಪ್ಲಗ್ಗು, ಅಷ್ಟೇ ಅಕ್ಕ,” ಅಂದ ಅವನು. “ಕಿತ್ರೂ ಒಳಗಿರೋ ಲೆಕ್ಕ ಎಲ್ಲೂ ಹೋಗಲ್ಲ. ಹತ್ತು ನಿಮಿಷದ ಕೆಲ್ಸ.”

“ಮತ್ತೆ ಕೀಳೋ ಮಾರಾಯ!”

“ಐದು ಜನರ ಸಹಿ ಬೇಕು. ಒಬ್ರು ರಜದಲ್ಲಿದ್ದಾರೆ.”

ಹಾಗಂತ ಪುರಸಭೆ ಕೈಕಟ್ಟಿ ಕೂತಿತ್ತು ಎನ್ನುವಂತಿಲ್ಲ. ಸೋಮವಾರದ ಧ್ವಜವಂದನೆಯಲ್ಲಿ ಮೇಯರ್ ಸಾಹೇಬರು ದನಿಯೆತ್ತಿ ಮಾತಾಡಿದರು. ನಮ್ಮ ತಾತಂದಿರು ಬಯಾನಿಹಾನ್ ಅಂತ ಹತ್ತಾರು ಜನ ಕೂಡಿ, ನೆರೆಯವನ ಮನೆಯನ್ನೇ ಮಾಡು ಗೋಡೆ ಸಮೇತ ಹೆಗಲ ಮೇಲೆ ಹೊತ್ತು ಸಾಗಿಸಿದವರು; ನಮ್ಮ ವಾಂಜಿಯೊಬ್ಬಳನ್ನು ಹೊರಲಾರೆವೆ? ಚಪ್ಪಾಳೆಯೋ ಚಪ್ಪಾಳೆ. ಅಂದೇ ನಾಲ್ವರು ಗಟ್ಟಿಗರ ತಂಡ ಸಿದ್ಧವಾಯಿತು. ವಾರದೊಳಗೆ ಅವರಿಗೆ ಹಳದಿ ಟೀಶರ್ಟುಗಳೂ ಬಂದವು. ಎದೆಯ ಮೇಲೆ ಮೇಯರ್ ಸಾಹೇಬರ ನಗುಮುಖ. ಯಂತ್ರ ಹೆಚ್ಚೆಂದರೆ ಒಂದು ಕಿಲೋ ಇದ್ದೀತು. ವಾಂಜಿಯೂ ಕುರ್ಚಿಯೂ ಸೇರಿ ಎಂಬತ್ತು. ಒಂದು ಕಿಲೋವನ್ನು ಒಮ್ಮೆ ಕೆಳಗಿಳಿಸುವುದಕ್ಕಿಂತ ಎಂಬತ್ತು ಕಿಲೋವನ್ನು ದಿನಕ್ಕೆರಡು ಸಲ ಮೇಲಕ್ಕೆ ಹೊರುವುದೇ ಈ ಮಹಾಜನರಿಗೆ ಸಲೀಸಾಗಿ ಕಂಡಿತು!

ಕೇಳಿದವರಿಗೆ ನಗು ಬರಬಹುದು. ಹೊರಿಸಿಕೊಳ್ಳುವವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ವರ್ಷದ ಮಗುವಾಗಿದ್ದಾಗ ಕಾಲು ಕಳೆದುಕೊಂಡವಳು, ಮೂವತ್ತೆಂಟು ವರ್ಷ ತನ್ನ ಕುರ್ಚಿಯನ್ನು ತಾನೇ ತಳ್ಳಿ, ತಾನೇ ರಿಪೇರಿ ಮಾಡಿಕೊಂಡು ಬದುಕಿದವಳು, ಈಗ ದಿನಾ ಬೆಳಗ್ಗೆ ಮೂಟೆಯಂತೆ ಓಲಾಡುತ್ತ ಮೇಲೆ ಹೋಗಬೇಕು. ಮೆಟ್ಟಿಲ ಮೇಲೆ ನಿಂತವರು ಮೊಬೈಲು ಎತ್ತಿ ಫೋಟೋ ತೆಗೆಯುವರು. “ಸ್ವಲ್ಪ ನಗಿ ಅಕ್ಕ!” ಎನ್ನುವರು. ತಂಡದ ಮುಖಂಡ, ಉಪಮೇಯರರ ಡ್ರೈವರ್ ಬೆರ್ತಿಂಗ್, ಪ್ರತಿ ಸಲವೂ ಫೋಟೋಕ್ಕೆ ನಗುತ್ತಿದ್ದ. ಅವನದು ಕೆಟ್ಟ ಮನಸ್ಸಲ್ಲ. ಅದಕ್ಕೇ ಬೈಯಲೂ ಬಾಯಿ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಂದರೆ ಹೊತ್ತಿನದು. ಎಂಟಕ್ಕೆ ಬೆರಳು ಒತ್ತದಿದ್ದರೆ ತಡ. ವಾಂಜಿ ಏಳೂವರೆಗೇ ಮೆಟ್ಟಿಲ ಬುಡದಲ್ಲಿ ಹಾಜರು. ತಂಡದವರು ಪಾಂದೆಸಾಲ್ ಬನ್ನನ್ನು ಕಾಫಿಗದ್ದಿ ತಿಂದು, ಎರಡು ಮಾತಾಡಿ, ಬಾಯಿ ಒರೆಸಿಕೊಂಡು ಬರುವಾಗ ವಾರಕ್ಕೆ ಎರಡು ಮೂರು ದಿನವಾದರೂ ಎಂಟೂ ಕಾಲು. ಸತತ ಎರಡು ತಿಂಗಳು ತಲಾ ಹತ್ತು ಸಲ ತಡವಾದರೆ ಖಾಯಂ ಆಗುವ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಆರು ವರ್ಷ ಕಾದ ಮೇಲೆ ಈ ವರ್ಷ ಪಟ್ಟಿಯಲ್ಲಿ ವಾಂಜಿಯ ಹೆಸರಿತ್ತು. ಹೋದ ತಿಂಗಳು ಹತ್ತಾಗಿತ್ತು.

ಈ ತಿಂಗಳ ಇಪ್ಪತ್ತೊಂಬತ್ತು, ಗುರುವಾರ. ಬೆಳಗ್ಗೆ ನಾಲ್ವರೂ ಅವಳನ್ನು ಹೊತ್ತು ಯಂತ್ರದ ಮುಂದೆ ಇಳಿಸಿದರು. ನಿಂತವರ ಎದೆಯೆತ್ತರಕ್ಕೆ ಹಾಕಿದ್ದ ಯಂತ್ರಕ್ಕೆ ಅವಳು ಕೈ ಚಾಚಿ ಬೆರಳು ಒತ್ತಿದಳು. ಚಕ್ರ ತಳ್ಳಿ ತಳ್ಳಿ ಸವೆದ ಹೆಬ್ಬೆರಳು, ಯಂತ್ರ ಒಪ್ಪಲಿಲ್ಲ. ಮೂರನೇ ಸಲಕ್ಕೆ ಒಪ್ಪಿತು. ಎಂಟು ಹನ್ನೆರಡು.

ಪುರಿಂಗ್ ಮೇಡಂ ಬಾಗಿಲಿಂದ ಇಣುಕಿದರು. “ಒಂಬತ್ತಾಯ್ತು ವಾಂಜಿ. ನಾಳೆ ತಿಂಗಳ ಕೊನೇ ದಿನ. ನಾಳೆನೂ ತಡ ಆದ್ರೆ ನನ್ ಕೈಲಿ ಏನೂ ಇಲ್ಲ ಕಣೇ.”

“ನಾನು ಏಳೂವರೆಗೇ ಬಂದಿದ್ದೆ ಮೇಡಂ. ಕಾವಲುಗಾರನ್ನ ಕೇಳಿ.”

“ಯಂತ್ರ ಕಾವಲುಗಾರನ್ನ ಕೇಳಲ್ಲ.”

“ಅದನ್ನ ಕೆಳಗೆ ಹಾಕ್ಸಿ ಅಂದ್ರೆ ನೀವು...”

“ಅಷ್ಟು ಜನ ನಿನ್ನ ಹೂವಿನ ಹಾಗೆ ಹೊತ್ಕೊಂಡು ತರ್ತಿದ್ದಾರೆ. ಇನ್ನೂ ಏನು ಬೇಕು ನಿಂಗೆ? ಸ್ವಲ್ಪ ಕೃತಜ್ಞತೆ ಇರ್ಲಿ,” ಎಂದು ಮೇಡಂ ದಿನವಿಡೀ ನಡೆಯುವ ತಿಂಗಳ ಸಭೆಗೆ ಹೊರಟರು.

ಅಷ್ಟರಲ್ಲಿ ಬೆರ್ತಿಂಗ್‌ಗೆ ಫೋನು ಬಂತು. “ಅಕ್ಕ, ಐದೇ ನಿಮಿಷ. ಮೇಲಿನ ಅಡುಗೆಮನೇಲಿ ಯಾರದೋ ಹುಟ್ಟುಹಬ್ಬದ ಪಾನ್ಸಿತ್ ಇದ್ಯಂತೆ. ತಿಂದ್ಕೊಂಡು ಬಂದು ಇಳಿಸ್ತೀವಿ,” ಎಂದು ನಾಲ್ವರೂ ಸೇವಿಗೆಯ ವಾಸನೆ ಹಿಡಿದು ನಡೆದರು.

ಪಡಸಾಲೆಯಲ್ಲಿ ವಾಂಜಿ, ಯಂತ್ರ, ಇಬ್ಬರೇ. ಅವಳು ಅದನ್ನು ನೋಡಿದಳು. ನಾಲ್ಕು ಮೂಲೆಯಲ್ಲಿ ನಾಲ್ಕು ಸ್ಕ್ರೂ. ಕುರ್ಚಿಯ ಗಾಲಿ ಸಡಿಲವಾದಾಗ ಬಿಗಿಯಲು ಸ್ಕ್ರೂಡ್ರೈವರ್ ಸದಾ ಅವಳ ಚೀಲದಲ್ಲಿರುತ್ತಿತ್ತು. ಹತ್ತು ನಿಮಿಷವೂ ಬೇಕಾಗಲಿಲ್ಲ. ಪ್ಲಗ್ಗು ಎಳೆದು, ಯಂತ್ರವನ್ನು ಮಡಿಲಿಗಿಟ್ಟು, ಮೇಲೆ ಶಾಲು ಹೊದಿಸಿ, ಕೈ ಕಟ್ಟಿ ಕೂತಳು. ಸಿಕ್ಕಿಬಿದ್ದರೆ ಪಟ್ಟಿಯೇನು, ಇರುವ ಕೆಲಸವೂ ಹೋಗುತ್ತಿತ್ತು.

ತಂಡ ಬಂತು. ಎತ್ತಿತು.

“ಯಾಕಕ್ಕ, ಇಳಿಯುವಾಗ ಭಾರ ಆಗಿದ್ದೀರಿ?” ಅಂದ ಬೆರ್ತಿಂಗ್.

“ನಿಂಗೆ ಹೊಟ್ಟೆ ಭಾರ ಆಗಿದೆ. ಮೆಟ್ಟಿಲು ನೋಡ್ಕೊಂಡು ಇಳಿ.”

ಜೆರಿಕ್‌ನನ್ನು ಕರೆದು ತೋರಿಸಿದಾಗ ಅವನ ಮುಖ ಬಿಳಿಚಿಕೊಂಡಿತು. “ನಾನೇನೂ ನೋಡಿಲ್ಲ ಅಕ್ಕ,” ಎಂದು ಓಡಿದವನು ಐದು ನಿಮಿಷಕ್ಕೆ ವಾಪಸು ಬಂದು, ಪ್ಲಗ್ಗಿಗೆ ಬೇಕಾಗುವ ಉದ್ದನೆಯ ವೈರೊಂದನ್ನು ಮೇಜಿನ ಮೇಲಿಟ್ಟು, ಮತ್ತೆ ಓಡಿದ. ಮಧ್ಯಾಹ್ನದ ಊಟದ ಹೊತ್ತಿಗೆ ಯಂತ್ರ ನೋಂದಣಿ ಕಿಟಕಿಯ ಪಕ್ಕದ ಮರದ ಕಂಬದ ಮೇಲೆ, ಕೂತವರ ಕೈಗೆಟುಕುವಷ್ಟು ಎತ್ತರದಲ್ಲಿ, ಹಸಿರು ದೀಪ ಉರಿಸಿಕೊಂಡು ಕೂತಿತ್ತು.

ಸಂಜೆ ಐದಕ್ಕೆ ಮಹಡಿಯ ಮೇಲೆ ಹಾಹಾಕಾರವೆದ್ದಿತು. ಯಂತ್ರ ಕಳವಾಯಿತು! ಪೊಲೀಸಿಗೆ ಹೇಳಿ! ಕೊನೆಗೆ ಯಾರೋ ಕೆಳಗಿಳಿದವರು ಕಂಡು ಕೂಗಿದರು. ಎಲ್ಲರಿಗೂ ಮನೆಗೆ ಹೋಗುವ ಜೀಪ್ನಿ ಗಾಡಿ ಹಿಡಿಯುವ ತರಾತುರಿ. ಯಾರು ತಂದರು, ಯಾಕೆ ತಂದರು ಎಂದು ವಿಚಾರಿಸುವ ವ್ಯವಧಾನ ಯಾರಿಗಿತ್ತು? ಸಾಲು ನಿಂತು, ಬಗ್ಗಿ, ಬೆರಳು ಒತ್ತಿ ಹೊರಟರು. ಅರವತ್ತು ಜನರ ಆ ಸಂಜೆಯ ಹಾಜರಿ ಕೆಳಮಹಡಿಯಲ್ಲೇ ಬಿತ್ತು. ಸಾಲಿನ ಕೊನೆಗೆ ಪುರಿಂಗ್ ಮೇಡಂ ಬುಸುಗುಡುತ್ತ ಬಂದರು.

“ಇದು ನಿನ್ನ ಕೆಲ್ಸಾನಾ? ಸರ್ಕಾರಿ ಸ್ವತ್ತು ಕಿತ್ತಿದ್ದೀಯ! ನಾಳೆ ಬೆಳಗ್ಗೆ ಇದು ಮೇಲೆ ಇರ್ಬೇಕು.”

“ಮೇಲೆ ಹಾಕೋಕೆ ಐದು ಸಹಿ ಬೇಕಂತೆ ಮೇಡಂ. ಪತ್ರ ಬರೀರಿ, ಗಮನಿಸ್ತೀನಿ.”

“ಇಲ್ಲಿ ಒತ್ತಿದ್ದು ಯಾವ್ದೂ ಲೆಕ್ಕಕ್ಕಿಲ್ಲ, ತಿಳ್ಕೋ!”

“ಆಗ್ಲಿ. ಹಾಗಾದ್ರೆ ಅರವತ್ತು ಜನಕ್ಕೂ ಅರ್ಧ ದಿನ ಗೈರುಹಾಜರಿ ಹಾಕಿ. ಮೇಯರ್ ಸಾಹೇಬರ ತಮ್ಮಂದೂ ಬಿದ್ದಿದೆ ಇದ್ರಲ್ಲಿ.”

ಮೇಡಂ ಗಡಿಯಾರ ನೋಡಿದರು. ಅವರದೇ ಬೆರಳು ಇನ್ನೂ ಬಿದ್ದಿರಲಿಲ್ಲ. “ನನ್ನ ಮಂಡಿ ನೋವು ನಿಂಗೆ ಗೊತ್ತಲ್ಲ? ಬೆಳಗ್ಗೆ ಸಂಜೆ ಈ ಮೆಟ್ಟಿಲು ಇಳಿದು ಹತ್ತಿ ಮಾಡ್ಲಾ ನಾನು?”

“ಹದಿನಾಲ್ಕೇ ಮೆಟ್ಟಿಲು,” ಅಂದಳು ವಾಂಜಿ. “ಹುಡುಗ್ರಿಗೆ ಹೇಳ್ತೀನಿ, ಹೂವಿನ ಹಾಗೆ ಹೊರ್ತಾರೆ. ಫೋಟೋಕ್ಕೆ ಸ್ವಲ್ಪ ನಗ್ಬೇಕು ಅಷ್ಟೇ.”

ಮೇಡಂ ಮತ್ತೊಮ್ಮೆ ಗಡಿಯಾರ ನೋಡಿದರು. ಬಗ್ಗಿ ಹೆಬ್ಬೆರಳು ಒತ್ತಿದರು.

ಮರುದಿನ ಶುಕ್ರವಾರ. ಪುರಸಭೆಯ ಬಾಗಿಲಲ್ಲಿ ಕುರ್ಚಿ ಹತ್ತಲೆಂದು ಸಿಮೆಂಟಿನ ಇಳಿಜಾರೊಂದಿದೆ. ಅದರ ಮೇಲೆ ದಿನವೂ ಒಂದು ಕೆಂಪು ಮೋಟಾರ್ ಸೈಕಲ್ ನಿಂತಿರುತ್ತದೆ. ವಾಂಜಿ ಎಂದಿನಂತೆ ಅದರ ಪಕ್ಕದಲ್ಲೇ ಮೈ ಕುಗ್ಗಿಸಿ, ಗೋಡೆಗೆ ಮೊಣಕೈ ತರಚಿಕೊಂಡು ಒಳಗೆ ಬಂದಳು. ಬೆರಳು ಒತ್ತಿದಳು. ಎರಡನೇ ಸಲಕ್ಕೆ ಯಂತ್ರ ‘ಥ್ಯಾಂಕ್ ಯೂ’ ಅಂದಿತು. ಏಳು ಮೂವತ್ತಾರು. ತಿಂಗಳು ಒಂಬತ್ತಕ್ಕೇ ಮುಗಿಯಿತು, ಪಟ್ಟಿಯಲ್ಲಿ ಹೆಸರು ಉಳಿಯಿತು. ಅವಳಿಗೆ ಅಳು ಬಂತು; ಸುತ್ತ ಯಾರೂ ಇಲ್ಲದ್ದರಿಂದ ಸ್ವಲ್ಪ ಅತ್ತಳು.

ಎಂಟೂ ಕಾಲಿಗೆ ಬೆರ್ತಿಂಗ್‌ನ ತಂಡ ಹಳದಿ ಟೀಶರ್ಟು ತೊಟ್ಟು, ಬನ್ನಿನ ಪುಡಿ ಒರೆಸಿಕೊಳ್ಳುತ್ತ ಬಂತು. ಯಂತ್ರ ಕಂಡು ಬೆರ್ತಿಂಗ್‌ನ ಮುಖ ಸಣ್ಣಗಾಯಿತು.

“ಹಾಗಾದ್ರೆ ಇವತ್ತು ನಿಮ್ಮನ್ನ ಹೊರೋದಿಲ್ವಾ ಅಕ್ಕ? ನಮ್ಮಿಂದ ಏನಾದ್ರೂ ತಪ್ಪಾಯ್ತಾ? ನಾಲ್ಕೂ ಜನ ರೆಡಿಯಾಗಿ ಬಂದಿದ್ದೀವಿ.”

“ಹೊರ್ಲೇಬೇಕು ಅಂತಿದ್ರೆ ಹೊರಿ. ಬಾಗಿಲ ಇಳಿಜಾರಿನ ಮೇಲೆ ಒಂದು ಕೆಂಪು ಮೋಟಾರ್ ಸೈಕಲ್ ಇದೆ ನೋಡಿ. ಅದನ್ನ ಹೊತ್ಕೊಂಡು ಹೋಗಿ ಆಚೆ ಇಡಿ.”

ಬೆರ್ತಿಂಗ್ ಬಾಗಿಲ ಕಡೆ ನೋಡಿದ. ಕಿವಿ ಕೆಂಪಾಯಿತು.

“ಅದು ನಂದೇ ಅಕ್ಕ.”

“ಗೊತ್ತು,” ಅಂದಳು ವಾಂಜಿ. “ಹೊರು.”